ಗೇಟು ಹಾಕಲಿ ಎಂದು ಕಾಯುವ ದೊಡ್ಡವ್ವ

ನಮ್ಮ ದೊಡ್ಡವ್ವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ನಮ್ಮೂರು ಶಿರಂಗಾಲ ಇಡೀ ಇದೆ! ನಾನು ಹೇಳುವುದು ಇಷ್ಟೇ: ಭೂಮಿಯ ಮೇಲೆ ರೈಲ್ವೆ ಗೇಟು ತೆರೆದರೆ ಸಿಟ್ಟಾಗುವ ಪ್ರಾಣಿ ಅವಳೊಬ್ಬಳೇ.

ನಮ್ಮ ಕೊಡಗಿನಲ್ಲಿ ರೈಲಿಲ್ಲ. ಸರ್ವೆ ಬರುತ್ತದೆ, ಪೇಪರಿನಲ್ಲಿ ಸುದ್ದಿ ಬರುತ್ತದೆ, ರೈಲು ಮಾತ್ರ ಬರುವುದಿಲ್ಲ. ಹೀಗಾಗಿ ಅರವತ್ತು ವರ್ಷ ಶುಂಠಿ, ಜೋಳ ಬೆಳೆದುಕೊಂಡು ದೊಡ್ಡವ್ವ ಸರಿಯಾಗಿಯೇ ಇದ್ದಳು. ಕೆಟ್ಟದ್ದು ಮಗಳು ಮದುವೆಯಾಗಿ ಮಂಗಳೂರು ಸೇರಿದ ಮೇಲೆ. ಬಂದರಿನ ಕಡೆಗೆ ಹೋಗುವ ಗೂಡ್ಸ್ ರೈಲಿನ ಹಳಿ, ಹಳಿಗೊಂದು ಗೇಟು, ಗೇಟಿನಿಂದ ಕೂಗಳತೆಯಲ್ಲಿ ಮಗಳ ಮನೆ! ದೊಡ್ಡವ್ವ ಅಲ್ಲಿಗೆ ಹೋದರೆ ತಿಂಗಳುಗಟ್ಟಲೆ ಇರತೊಡಗಿದಳು.

ಮೊಮ್ಮಗಳ ನಾಮಕರಣದ ದಿನ ಎಲ್ಲರೂ ತೊಟ್ಟಿಲ ಸುತ್ತ ನಿಂತಿದ್ದೇವೆ. ಕಿವಿಯಲ್ಲಿ ಹೆಸರು ಹೇಳಬೇಕಾದ ಅಜ್ಜಿಯೇ ಇಲ್ಲ. ಓಡಿ ಹೋಗಿ ನೋಡಿದರೆ ರೇಷ್ಮೆ ಸೀರೆಯುಟ್ಟು ಗೇಟಿನ ಹತ್ತಿರ ನಿಂತಿದ್ದಾಳೆ. ಎದುರಿಗೆ ಕೆಂಪು, ನೀಲಿ, ಹಸಿರು ಕಂಟೇನರುಗಳು ಸಾಲಾಗಿ ಸಾಗುತ್ತಿವೆ.

“ದೊಡ್ಡವ್ವ, ಮುಹೂರ್ತ ಮೀರ್ತದೆ!”

“ಸುಮ್ಕಿರ್ಲಾ, ಲೆಕ್ಕ ತಪ್ತದೆ!”

ಕೊನೆಗೂ ಎಳೆದುಕೊಂಡು ಬಂದೆವು. ಏದುಸಿರು ಬಿಡುತ್ತ ಮಗುವಿನ ಕಿವಿಗೆ ಬಾಗಿ, ಇಡೀ ಮನೆಗೆ ಕೇಳುವಂತೆ ಅವಳು ಹೇಳಿದ್ದು, “ತೊಂಬತ್ತು!”

ಇಷ್ಟೊಂದು ಆಸೆಯಿದೆಯಲ್ಲ ಎಂದು ಮೈಸೂರಿನಿಂದ ಒಮ್ಮೆ ಬೆಂಗಳೂರಿಗೆ ರೈಲಿನಲ್ಲೇ ಕರೆದೊಯ್ದೆ. ಕಿಟಕಿ ಪಕ್ಕದ ಸೀಟು ಬೇರೆ! ಮದ್ದೂರು ದಾಟುವಷ್ಟರಲ್ಲಿ ಮುಖ ಊದಿಸಿಕೊಂಡಳು. “ಒಳಗೆ ಕೂತ್ಕಂಡ್ರೆ ರೈಲು ಎಲ್ಲಿ ಕಾಣ್ತದಲಾ?”

ಗೇಟು ಕಾಯುವವರೂ ಮೊದಮೊದಲು ಕಂಗಾಲಾಗಿದ್ದರಂತೆ. ಗೇಟು ತೆರೆದು ಲಾರಿ, ಬಸ್ಸುಗಳೆಲ್ಲ ಹೋದರೂ ಈ ಹೆಂಗಸು ಕಲ್ಲಿನ ಮೇಲೆ ಕುಳಿತೇ ಇದ್ದಾಳೆ.

“ಎಂತ ಅಮ್ಮ, ಆಚೆ ಹೋಗುವುದಿಲ್ಲವಾ? ಗೇಟು ತೆಗೆದು ಅರ್ಧ ಗಂಟೆ ಆಯ್ತು.”

“ಮತ್ತೆ ಯಾವಾಗ ಹಾಕ್ತೀಯಪ್ಪ?”

ನಾಲ್ಕನೇ ದಿನ ಅವರಿಗೂ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹೋಯಿತು. ಐದನೇ ದಿನದಿಂದ ಗೂಡ್ಸ್ ಬರುವ ಹೊತ್ತು ದೊಡ್ಡವ್ವನಿಗೆ ಮೊದಲೇ ತಿಳಿಯತೊಡಗಿತು!

ಹೀಗಿರುವಾಗ ಅಳಿಯನಿಗೆ ರಾಯಚೂರಿಗೆ ವರ್ಗವಾಯಿತು. ಮನೆ ಖಾಲಿ ಮಾಡುವ ಮುನ್ನಾದಿನ ದೊಡ್ಡವ್ವನನ್ನು ಊರಿಗೆ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. “ಗೇಟಿನ ಹತ್ರ ಒಂದು ಗಳಿಗೆ ನಿಲ್ಸು” ಎಂದಳು. ನಿಲ್ಲಿಸಿದೆ. ನಿಲ್ಲಿಸದಿದ್ದರೆ ಇಳಿಯುತ್ತಿದ್ದಳು, ಕಾರು ಓಡುತ್ತಿದ್ದರೂ! ಇಳಿದವಳೇ ತನ್ನ ಮಾಮೂಲಿ ಕಲ್ಲಿನ ಮೇಲೆ ಕುಳಿತಳು, ನಾನು ಪಕ್ಕದಲ್ಲಿ ನಿಂತೆ.

“ಆ ಡಬ್ಬಿಗಳ ಒಳಗೆ ಏನಿರ್ತದೆ ಅಂತಾನಾದ್ರೂ ಗೊತ್ತಾ ನಿಂಗೆ?” ಎಂದೆ.

“ಏನಾರ ಇರ್ಲಿ. ನಾನೇನು ಅದ್ರೊಳಗೆ ಗಂಟು ಇಟ್ಟಿದ್ದೀನಾ?”

ಅಷ್ಟರಲ್ಲಿ ಗೇಟಿನ ಗಂಟೆ ಹೊಡೆಯಿತು, ಗೇಟು ಇಳಿಯಿತು. ಎಂಜಿನ್ ಬಂತು. ಅವಳು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. ಕಂಟೇನರುಗಳು ಗಡಗಡ ಎನ್ನುತ್ತ ಹೋದವು. ಬಾಯಲ್ಲಿ ಲೆಕ್ಕ ನಡೆದಿತ್ತು, ಕಣ್ಣು ಮಾತ್ರ ದೂರದ ತಿರುವಿನಲ್ಲಿತ್ತು. ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು. ಕಟ್ಟಕಡೆಗೆ ಒಂದು ಪುಟ್ಟ ಡಬ್ಬಿ. ಅದರ ಬಾಗಿಲಲ್ಲಿ ಗಾರ್ಡ್ ಒಬ್ಬರೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ದೊಡ್ಡವ್ವ ಎದ್ದು ನಿಂತು ಎರಡೂ ಕೈ ಎತ್ತಿ ಬೀಸಿದಳು. ಗಾರ್ಡ್ ಥಟ್ಟನೆ ಎದ್ದರು. ಮೊದಲು ಕೈ ಬೀಸಿದರು, ಸಾಲದೆಂದು ಹಸಿರು ಬಾವುಟ ಬಿಚ್ಚಿ ಬೀಸಿದರು. ಬಂದರಿನ ಗೋಡೆಯ ಮರೆಗೆ ಹೋಗುವವರೆಗೂ ಬೀಸುತ್ತಲೇ ಇದ್ದರು.

“ನಿಂಗೆ ಗೊತ್ತಿರೋರಾ?”

“ಇಲ್ಲ ಕಣ್ಲಾ. ದಿನಾ ಬ್ಯಾರೆಬ್ಯಾರೆಯೋರು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಜನ ಕೂತಿರೋ ರೈಲಿಗೆ ಎಲ್ರೂ ಟಾಟಾ ಮಾಡ್ತಾರೆ. ಇಷ್ಟುದ್ದದ ಗಾಡಿ ಹಿಂದೆ ಇವನು ಒಬ್ನೇ ಬತ್ತಾನೆ. ಮಾತಿಗೂ ಒಂದು ಜೊತೆ ಇಲ್ಲ. ಯಾರಾರ ಒಬ್ರು ಕಾದಿದ್ರು ಅಂತ ಆಗ್ಬೇಕಲ್ವಾ?”

ಗೇಟು ಮೇಲೆದ್ದಿತು, ಹಿಂದಿನ ಲಾರಿಗಳೆಲ್ಲ ಹಾರನ್ ಹೊಡೆದು ಮುಂದೆ ಹೋದವು. ಗೇಟಿನವರು ಹತ್ತಿರ ಬಂದು ಮೆಲ್ಲಗೆ ಹೇಳಿದರು, “ಇನ್ನೊಂದು ಗೂಡ್ಸ್ ಉಂಟು. ಸ್ವಲ್ಪ ತಡ ಆಗ್ತದೆ.”

ನಾನು ಕಾರನ್ನು ರಸ್ತೆಯ ಬದಿಗೆ ಹಾಕಿ ಬಂದೆ. ದೊಡ್ಡವ್ವ ಆಗಲೇ ಮತ್ತೆ ಕುಳಿತಿದ್ದಳು. ಕಲ್ಲಿನ ಮೇಲೆ ಒಂಚೂರು ಸರಿದು ನನಗೂ ಜಾಗ ಮಾಡಿಕೊಟ್ಟಳು.