ಸರಿಯಿದೆ ಅಂದವರೇ ಮೊದಲು ಹತ್ತಬೇಕು

ಬಸ್ ಡಿಪೋದಲ್ಲಿ ಕೆಲಸ ಮಾಡುವವರಿಗೆ ಭಯ ಹೊಸದಲ್ಲ. ಮ್ಯಾನೇಜರ್ ಬದಲಾದಾಗಲೆಲ್ಲ ಅದು ಒಬ್ಬರ ಎದೆಯಿಂದ ಇಳಿದು ಇನ್ನೊಬ್ಬರ ಎದೆಗೆ ಹತ್ತುತ್ತಿರುತ್ತದೆ. ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಯವಳು. ಮಗ್ಗದ ಸದ್ದಿನಲ್ಲಿ ಬೆಳೆದು, ಐಟಿಐ ಓದಿ, ಈ ಕಡೆಯದೇ ಒಂದು ಡಿಪೋದಲ್ಲಿ ಮೆಕ್ಯಾನಿಕ್ ಆದೆ. ಹಿಂದಿನ ಮ್ಯಾನೇಜರುಗಳೆಲ್ಲ ಕೂಗಾಡಿ ಹೆದರಿಸಿದವರು. ಆಮೇಲೆ ಬಂದ ಮೇಡಂ ಮಾತ್ರ ದನಿಯನ್ನೇ ಏರಿಸದೆ ಹೆದರಿಸಿಬಿಟ್ಟರು.

ಮರೆತುಹೋದ ಸಹಿ

ಮೇಡಂ ಬರುವುದಕ್ಕೆ ಸ್ವಲ್ಪ ಮುಂಚೆ ನಮ್ಮದೊಂದು ಬಸ್ಸು ಏರಿನಲ್ಲಿ ನಿಂತು ಹಿಂದಕ್ಕೆ ಜಾರಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅದರಲ್ಲಿದ್ದವರು ಸೀದಾ ಡಿಪೋ ಗೇಟಿಗೆ ಬಂದು, "ಈ ಬಸ್ಸು ಸರಿಯಿದೆ ಅಂತ ಕಳಿಸಿದ್ದು ಯಾರು?" ಅಂತ ಕೇಳಿದರು. ಡ್ರೈವರ್ ಮೆಕ್ಯಾನಿಕ್‌ಗಳ ಕಡೆ ನೋಡಿದ. ನಾವು ಸ್ಟೋರಿನವನ ಕಡೆ ನೋಡಿದೆವು. ಅವನು ಕೇಂದ್ರ ಕಚೇರಿ ಇರುವ ದಿಕ್ಕಿಗೆ ಕೈ ತೋರಿಸಿದ.

ಮೇಡಂ ಬಂದವರೇ ನಮ್ಮನ್ನೆಲ್ಲ ಕರೆದರು. "ಬಸ್ಸು ಸರಿಯಿದೆ ಅಂತ ಯಾರು ಸಹಿ ಹಾಕ್ತಾರೋ, ಇನ್ಮೇಲೆ ಅವರೇ ಅದರ ಮೊದಲನೇ ಟ್ರಿಪ್‌ನಲ್ಲಿ ಕೂತು ಹೋಗ್ಬೇಕು. ಅಷ್ಟೇ" ಅಂದರು.

ಮಾರನೇ ದಿನ ಬೆಳಿಗ್ಗೆ ಬಸ್ಸುಗಳೆಲ್ಲ ಎಂಜಿನ್ ಆನ್ ಮಾಡಿಕೊಂಡು ಸಾಲಾಗಿ ನಿಂತಿದ್ದವು. ಒಂದೂ ಗೇಟು ದಾಟಲಿಲ್ಲ. ನಮ್ಮ ಹೆಡ್ ಮೆಕ್ಯಾನಿಕ್‌ಗೆ ಎಲ್ಲರೂ ಯಜಮಾನ್ರು ಅನ್ನುತ್ತಿದ್ದೆವು. ಒಂದು ಕೈಯಲ್ಲಿ ಟೀ ಹಿಡಿದು, ಪಕ್ಕದವರ ಜೊತೆ ಮಾತಾಡುತ್ತಲೇ ಇನ್ನೊಂದು ಕೈಯಲ್ಲಿ ಅಷ್ಟೂ ಬಸ್ಸಿಗೆ ಸಹಿ ಹಾಕಿ ಮುಗಿಸುತ್ತಿದ್ದ ಮನುಷ್ಯ. ಆವತ್ತು ಪೆನ್ನು ಹಿಡಿದು ಸುಮ್ಮನೆ ನಿಂತಿದ್ದರು.

"ಏನಾಯ್ತು ಯಜಮಾನ್ರೇ?" ಮೇಡಂ ಕೇಳಿದರು.

"ನನ್ನ ಸಹಿ ಹೆಂಗಿತ್ತು ಅಂತ ನೆನಪಾಗ್ತಿಲ್ಲ ಮೇಡಂ."

ಸಾಸಲು ಬಸ್ಸು

ಕೊನೆಗೂ ಯಜಮಾನರು ಸಾಸಲು ಕಡೆ ಹೋಗುವ ಬಸ್ಸಿಗೆ ಸಹಿ ಹಾಕಿ, ಮುಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂತರು. ಕೆಲಸ ಕಲೀಲಿ ಅಂತ ನನ್ನನ್ನೂ ಜೊತೆಗೆ ಹತ್ತಿಸಿದ್ದರು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ ಅನ್ನುವುದು ನನ್ನ ಗುಮಾನಿ.

ಊರು ದಾಟುತ್ತಿದ್ದ ಹಾಗೆ ಕೆಳಗಿನಿಂದ ಟಕ್ ಟಕ್ ಅಂತ ಶುರುವಾಯಿತು. ಯಜಮಾನರ ಹಣೆ ಬೆವರಿತು.

"ಏನಪ್ಪಾ ಅದು ಸದ್ದು?"

"ನೀವೇ ಹೇಳ್ಬೇಕು ಯಜಮಾನ್ರೇ" ಅಂದ ಡ್ರೈವರ್, ರಸ್ತೆಯಿಂದ ಕಣ್ಣು ತೆಗೆಯದೆ. "ದಿನಾ ಸಂಜೆ ನಿಮಗೆ ಅದನ್ನೇ ಹೇಳ್ತಿದ್ದೆ. ಏನೂ ಆಗಲ್ಲ ಹೋಗೋ ಅಂತಿದ್ರಿ."

ಯಜಮಾನರು ಬಸ್ಸು ನಿಲ್ಲಿಸಲು ಹೇಳಿ ಅಡಿಗೆ ನುಗ್ಗಿದರು. ಅಷ್ಟು ಚುರುಕಾಗಿ ಅವರು ಬಸ್ಸಿನ ಕೆಳಗೆ ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಡಿಲವಾಗಿದ್ದ ಬೋಲ್ಟು ಬಿಗಿಯಾಯಿತು, ಸದ್ದೂ ನಿಂತಿತು. ಮೈಯೆಲ್ಲ ಗ್ರೀಸು ಮಾಡಿಕೊಂಡು, ಸಮಾಧಾನದಿಂದ ಮೇಲೆ ಬಂದು ನೋಡಿದರೆ ಬಸ್ಸು ಖಾಲಿ. ಜನ ಎಲ್ಲ ಇಳಿದು ರಸ್ತೆ ಬದಿಯಲ್ಲಿ ನಿಂತಿದ್ದರು.

"ಸರಿಹೋಯ್ತು, ಹತ್ತಿ" ಅಂದರು ಯಜಮಾನರು.

ರೇಷ್ಮೆಗೂಡಿನ ಚೀಲ ಹಿಡಿದಿದ್ದ ರೈತರೊಬ್ಬರು ತಲೆ ಅಲ್ಲಾಡಿಸಿದರು. "ಬೇಡ ಬಿಡಪ್ಪಾ. ರಿಪೇರಿಯೋರನ್ನ ಜೊತೇಲೇ ಕರ್ಕೊಂಡು ಓಡಾಡ್ತಿದೀರಾ ಅಂದ್ರೆ ನಿಮಗೇ ನಂಬಿಕೆ ಇಲ್ಲ. ನಾವು ಹಿಂದಿನ ಬಸ್ಸಿಗೆ ಬರ್ತೀವಿ."

ಬುಸ್

ಆಮೇಲೆ ನನ್ನ ಸರದಿ ಬಂತು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು. ಬ್ರೇಕು ನೋಡಿದ್ದು ನಾನೇ, ಸಹಿಯೂ ನನ್ನದೇ. ನಿಲ್ದಾಣದಲ್ಲಿ ನಮ್ಮಮ್ಮ ಅಕ್ಕಪಕ್ಕದ ಮನೆಯವರನ್ನೆಲ್ಲ ಕಟ್ಟಿಕೊಂಡು ಅದಕ್ಕೇ ಹತ್ತಿದಳು. "ನನ್ನ ಮಗಳು ರೆಡಿ ಮಾಡಿರೋ ಬಸ್ಸು" ಅಂತ ಎಲ್ಲರಿಗೂ ಹೇಳುತ್ತಿದ್ದಳು. ಎಲ್ಲ ಸರಿ ಮಾಡಿದ್ದೀನಿ ಅಂತ ಗೊತ್ತಿದ್ದರೂ, ಅಮ್ಮನ ತಲೆ ಕಂಡ ಮೇಲೆ ಒಂದೊಂದು ನಟ್ಟೂ ಬಿಟ್ಟುಹೋದ ಹಾಗೆ ಅನಿಸತೊಡಗಿತು.

ಬೆಟ್ಟದ ತಿರುವಿನಲ್ಲಿ ಸೀಟಿನ ಕೆಳಗಿನಿಂದ ಬುಸ್ ಅಂತ ಸದ್ದು ಬಂತು. ನಿಲ್ಲಲೇ ಇಲ್ಲ. ಹೋಗುತ್ತಿರುವುದು ನಾಗಪ್ಪನ ಸನ್ನಿಧಿಗೆ ಬೇರೆ. ಹೆಂಗಸರೆಲ್ಲ ಕಾಲು ಮೇಲೆತ್ತಿಕೊಂಡು, ಕಣ್ಣು ಮುಚ್ಚಿ ಕೈ ಮುಗಿದರು. ಒಬ್ಬರೂ ಅಲ್ಲಾಡಲಿಲ್ಲ. ಅವರನ್ನು ಸಮಾಧಾನ ಮಾಡೋಣ ಅಂತ ಹೇಳಿದೆ, "ಹೆದರ್ಕೋಬೇಡಿ, ಹಾವಲ್ಲ. ಬ್ರೇಕಿನ ಗಾಳಿ ಹೋಗ್ತಿರಬೇಕು."

ಬಸ್ಸು ನಿಲ್ಲುವಷ್ಟರಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ನುಗ್ಗಿದರು. ನಾನು ಸೀಟಿನ ಕೆಳಗೆ ತೂರಿ ಹುಡುಕಿದೆ. ಬ್ರೇಕು ಭದ್ರವಾಗಿತ್ತು. ಸೋರುತ್ತಿದ್ದದ್ದು ಬಾಗಿಲು ತೆರೆಯುವ ಗಾಳಿಯ ಪೈಪು. ಅದನ್ನು ಬಂದ್ ಮಾಡಿ ಅಮ್ಮನ ಹತ್ತಿರ ಹೋದೆ.

"ಹಾವು ಅಂದ್ಕೊಂಡಾಗ ಸುಮ್ನೆ ಕೂತಿದ್ರಲ್ಲಮ್ಮ?"

"ಹಾವಾದ್ರೆ ಸುಬ್ಬಪ್ಪನಿಗೆ ಕೈ ಮುಗಿದ್ವಿ" ಅಂದಳು ಅಮ್ಮ. "ಬ್ರೇಕಿಗೆ ಯಾವ ದೇವರು ಅಂತ ಗೊತ್ತಾಗ್ಲಿಲ್ಲ ಕಣೇ."

ಮನೆಯಲ್ಲಿರುವವರು

ನಮ್ಮಲ್ಲಿ ಒಂದು ಹಳೇ ಬಸ್ಸಿತ್ತು. ಅದರ ಕಾಲ ಮುಗಿದಿದೆ, ಗುಜರಿಗೆ ಹಾಕಿ ಅಂತ ಮೇಡಂ ಮೇಲಿಂದ ಮೇಲೆ ಕೇಳಿದರೂ, ಇನ್ನೂ ಓಡಬಹುದು ಅಂತಲೇ ಕೇಂದ್ರ ಕಚೇರಿಯಿಂದ ಉತ್ತರ ಬರುತ್ತಿತ್ತು. ಹಾಗಂತ ಸಹಿ ಹಾಕಿದ್ದ ದೊಡ್ಡ ಅಧಿಕಾರಿ ಒಂದು ದಿನ ನಮ್ಮ ಹೊಸ ಪದ್ಧತಿ ನೋಡಲು ಬಂದರು. ಜವಾಬ್ದಾರಿ ಅನ್ನೋದು ಮೇಲಿನಿಂದ ಬರಬೇಕು ಅಂತ ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಮೇಡಂ ಮೆಲ್ಲಗೆ, "ತ್ಯಾಮಗೊಂಡ್ಲು ಬಸ್ಸು ರೆಡಿ ಇದೆ ಸರ್. ಅದಕ್ಕೆ ನಿಮ್ಮದೇ ಸಹಿ" ಅಂದರು.

ಅಷ್ಟು ಜನರ ಮುಂದೆ ಇಲ್ಲ ಅನ್ನಲಾಗದೆ ಸಾಹೇಬರು ಹತ್ತಿದರು. ಹಿಂದೆಯೇ ಮೇಡಂ, ಯಜಮಾನರು, ನಾನೂ ಹತ್ತಿದೆವು. ಮೇಡಂ ಮೊದಲೇ ಹೇಳಿದ್ದರಿಂದ, ಸಾಹೇಬರಿದ್ದಾಗ ಏನಾದರೂ ಆದರೆ ನಮ್ಮ ಗತಿ ಏನು ಅನ್ನುವ ಹೆದರಿಕೆಗೆ ಯಜಮಾನರೂ ನಾನೂ ಅದನ್ನು ಸರಿ ಮಾಡಲು ಊಟ ನಿದ್ದೆ ಬಿಟ್ಟಿದ್ದೆವು. ದಾರಿಯುದ್ದಕ್ಕೂ ಸಾಹೇಬರು ಕಂಬಿ ಬಿಡಲಿಲ್ಲ. ಲಾರಿ ಎದುರಾದಾಗಲೆಲ್ಲ ಅವರ ತುಟಿ ಅಲ್ಲಾಡುತ್ತಿತ್ತು. ಬಸ್ಸು ಮಾತ್ರ ಒಂಚೂರೂ ಕಿರುಗುಟ್ಟದೆ ತ್ಯಾಮಗೊಂಡ್ಲು ಮುಟ್ಟಿತು.

ನೆಲಕ್ಕೆ ಕಾಲಿಟ್ಟ ಕೂಡಲೇ ಸಾಹೇಬರಿಗೆ ಜೀವ ಬಂತು. "ಎಷ್ಟು ಚೆನ್ನಾಗಿ ಓಡ್ತಿದೆ. ಇನ್ನೆರಡು ವರ್ಷ ಓಡಿಸಿ" ಅಂದರು. ಯಜಮಾನರು ನನ್ನ ಮುಖ ನೋಡಿದರು. ನಾವೇ ಅದರ ಆಯಸ್ಸು ಹೆಚ್ಚಿಸಿಬಿಟ್ಟಿದ್ದೆವು.

"ಹಾಗಾದ್ರೆ ವಾಪಸ್ಸೂ ಇದರಲ್ಲೇ ಬರ್ತೀರಲ್ಲ ಸರ್?" ಮೇಡಂ ಕೇಳಿದರು.

"ಅಯ್ಯೋ ಬೇಡಮ್ಮ, ಮನೇಲಿ ಹೆಂಡ್ತಿ ಮಕ್ಕಳಿದಾರೆ" ಅಂತ ಅವರ ಬಾಯಿಂದ ಬಂದುಬಿಟ್ಟಿತು.

ಹತ್ತಲು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಅಜ್ಜಿಯೊಬ್ಬಳು ಕಾಲು ಕೆಳಗಿಳಿಸಿ ತಿರುಗಿದಳು. "ನಮ್ಮನೇಲಿ ಯಾರಿದಾರೆ ಅಂದ್ಕೊಂಡಿದೀಯಪ್ಪಾ?"

ಸಾಹೇಬರು ಅಜ್ಜಿಯ ಮುಖ ನೋಡಿದರು. ಆಮೇಲೆ ಅಲ್ಲೇ ನಿಂತು, ಈ ಬಸ್ಸಿಗೆ ಇನ್ನು ಜನರನ್ನು ಹತ್ತಿಸಬಾರದು ಅಂತ ಬರೆದುಕೊಟ್ಟು ಹಿಂದೆಯೇ ಬಂದಿದ್ದ ತಮ್ಮ ಕಾರಿನಲ್ಲಿ ಹೋದರು. ಜನರಿಗೆ ಬೇರೆ ಬಸ್ಸು ಬಂತು. ಮೇಡಂ ಆ ಜನರ ಜೊತೆ ಅದರಲ್ಲೇ ಹೊರಟರು. ಹಳೇದನ್ನು ಡಿಪೋಗೆ ಮುಟ್ಟಿಸಲು ಡ್ರೈವರ್, ಯಜಮಾನರು, ನಾನು ಉಳಿದೆವು.

ಖಾಲಿ ಬಸ್ಸು ಗಡಗಡ ಅನ್ನುತ್ತಾ ಹೊರಟಿತು. ಯಜಮಾನರು ನನ್ನ ಪಕ್ಕದಲ್ಲಿ ಮುದುರಿ ಕೂತು ಪಿಸುಗುಟ್ಟಿದರು.

"ಅಲ್ಲಮ್ಮಾ, ಇದಕ್ಕೆ ಈಗ ಯಾರ ಸಹೀನೂ ಇಲ್ಲ. ನಮಗೇನಾದ್ರೂ ಆದ್ರೆ ಯಾರನ್ನ ಬೈಕೊಂಡು ಸಾಯೋದು?"