ಅಡುಗೆಮನೆಯ ಪೀಟರ್

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿದ್ದಾಗ ಜಯಮಾಲಾ ಆ ಮಾತು ಆಡಿದಳು. ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದ ಅವಳ ಗಂಡ ಕಲ್ಯಾಣಪ್ಪನ ಕೈಯ ತಂಬಿಗೆ ಅರ್ಧಕ್ಕೇ ನಿಂತಿತು.

"ಮೈನ್ ಮನ್ ಹೈಸ್ಟ್ ಪೀಟರ್."

ಬೇರೆ ಗಂಡನಾಗಿದ್ದರೆ ಏನೋ ಜರ್ಮನ್ ಪಾಠ ಎಂದು ಸುಮ್ಮನೆ ಮೈ ಉಜ್ಜಿಕೊಳ್ಳುತ್ತಿದ್ದ. ಜಯಮಾಲಾ ಅಫಜಲಪುರದ ಒಂದು ದವಾಖಾನೆಯಲ್ಲಿ ನರ್ಸು. ಜರ್ಮನಿಯಲ್ಲಿ ನರ್ಸುಗಳಿಗೆ ಕೆಲಸ ಸಿಗುತ್ತದೆಂದು ಕೇಳಿ, ಮೊಬೈಲಿನಲ್ಲಿ ಸಣ್ಣ ಸಣ್ಣ ವಿಡಿಯೋ ನೋಡಿ ಆ ಭಾಷೆ ಕಲಿಯುತ್ತಿದ್ದಳು. ಮೊದಲ ಹಂತ ಮುಗಿಸಿ ಎರಡನೆಯದಕ್ಕೆ ಏರಿದ್ದಳು. ಗಂಡನನ್ನೂ ಕರೆದುಕೊಂಡೇ ಹೋಗುವುದು ಎಂದಿದ್ದಳು.

ಆದರೆ ಕಲ್ಯಾಣಪ್ಪ ಏಳನೇ ಇಯತ್ತೆಗೆ ಸಾಲೆ ಬಿಟ್ಟವನು. ತನಗೆ ತಿಳಿಯದ ಭಾಷೆಯಲ್ಲಿ ಯಾರಾದರೂ ನಕ್ಕರೆ ಅದು ತನ್ನನ್ನು ನೋಡಿಯೇ ಎಂದು ಅವನಿಗೆ ಖಾತ್ರಿ. ಅದಕ್ಕೇ ತನ್ನ ಮೋಟಾರು ವೈಂಡಿಂಗ್ ಅಂಗಡಿಯ ಶಟರು ಅರ್ಧ ಎಳೆದು, ಯಾರಿಗೂ ಹೇಳದೆ, ತಾನೂ ಬೇರೊಂದು ವಿಡಿಯೋ ಹಿಡಿದಿದ್ದ. ಅದರಲ್ಲಿ ಗಲ್ಲಮೀಸೆಯ ಗಂಡಸೊಬ್ಬ "ಮೈನೆ ಫ್ರಾವ್ ಹೈಸ್ಟ್ ಜೂಲಿಯಾ", ನನ್ನ ಹೆಂಡತಿಯ ಹೆಸರು ಜೂಲಿಯಾ, ಎಂದು ದಿನವೂ ಜಪ ಮಾಡುತ್ತಿದ್ದ. ಕಲ್ಯಾಣಪ್ಪನೂ ಅವನ ಹಿಂದೆಯೇ ಜಪ ಮಾಡುತ್ತಿದ್ದ. ಮೊದಲ ಹಂತವನ್ನು ಇನ್ನೂ ದಾಟಿರಲಿಲ್ಲ. ದಾಟುವ ಅಗತ್ಯವೂ ಬೀಳಲಿಲ್ಲ. ಹೆಂಡತಿ ಹೇಳಿದ್ದು ಕನ್ನಡದಷ್ಟೇ ಸ್ವಚ್ಛವಾಗಿ ತಿಳಿಯಿತು: ನನ್ನ ಗಂಡನ ಹೆಸರು ಪೀಟರ್.

ಈಗಲೇ ಕೇಳಿದರೆ ಆಕೆ ಹುಷಾರಾಗುತ್ತಾಳೆ. ಸಾಕ್ಷಿಸಮೇತ ಹಿಡಿಯಬೇಕು. ಹಲ್ಲು ಕಚ್ಚಿ ಉಣ್ಣಲು ಕುಳಿತ. ಅರ್ಧ ರೊಟ್ಟಿ ಬಿಟ್ಟು ಅಂಗಡಿಗೆ ಹೊರಟ.

ಅಂಗಡಿಯಲ್ಲಿ ಸೊನ್ನದ ಖಂಡಪ್ಪ ತನ್ನ ಪಂಪಿಗಾಗಿ ಕಾಯುತ್ತಿದ್ದ. ಪೀಟರನ ಕುತ್ತಿಗೆಗೆ ಸುತ್ತುವ ಸಿಟ್ಟಿನಲ್ಲಿ ಕಲ್ಯಾಣಪ್ಪ ತಂತಿಯನ್ನು ಉಲ್ಟಾ ಸುತ್ತಿದ. ಸ್ವಿಚ್ಚು ಒತ್ತಿದ್ದೇ ತಡ, ಮೋಟಾರು ಒಂದು ಸಲ ಕೆಮ್ಮಿ ಹೊಗೆ ಬಿಟ್ಟು ಸತ್ತಿತು. ಖಂಡಪ್ಪ ಅವನ ವಂಶವನ್ನೆಲ್ಲ ನೆನೆಸಿ ಬೈದು ಹೋದ.

ಹೊಗೆ ನೋಡಿ ಎದುರಿನ ಚಹಾದಂಗಡಿಯ ಗುರುಪಾದ ಬಂದ. ಮೂಗು ಅರಳಿಸಿ, "ಇದು ವೈರ ಸುಟ್ಟ ವಾಸನಿ ಅಲ್ಲ ತಮ್ಮಾ, ಸಂಸಾರ ಸುಟ್ಟ ವಾಸನಿ," ಅಂದ. ಅಷ್ಟು ಸಾಕಾಯಿತು. ಕಲ್ಯಾಣಪ್ಪ ಎಲ್ಲವನ್ನೂ ಕಕ್ಕಿದ.

ಗುರುಪಾದನ ಹೊಟ್ಟೆಯಲ್ಲಿ ಗುಟ್ಟೆಂದರೆ ಕಾದ ಎಣ್ಣೆಗೆ ಬಿಟ್ಟ ಭಜಿ; ಮುಳುಗಿ ಇರಲಾರದು. ಮಧ್ಯಾಹ್ನದೊಳಗೆ ಪೀಟರ್ ಊರಿಗೆಲ್ಲ ಪರಿಚಯದವನಾಗಿದ್ದ. ಕೆಂಪು ಮೂತಿಯ ಒಬ್ಬನನ್ನು ಸೊನ್ನದ ಬ್ಯಾರೇಜಿನ ಮೇಲೆ ನೋಡಿದೆನೆಂದು ಒಬ್ಬ ಹೇಳಿದ. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಸೌತೆಕಾಯಿ ತಿನ್ನುತ್ತಿದ್ದನೆಂದು ಇನ್ನೊಬ್ಬ ಆಣೆ ಮಾಡಿದ. ಡ್ಯೂಟಿ ಮುಗಿಸಿ ಬಂದ ಕಂಡಕ್ಟರ್ ರಾಜೇಸಾಬ ಚಹಾ ಊದುತ್ತ ತನ್ನದನ್ನೂ ಸೇರಿಸಿದ.

"ಮೊನ್ನೆ ನಿಮ್ಮ ಮನ್ಯಾಗಿನವ್ರು ನನ್ನ ಬಸ್ಸಿಗಿ ಹತ್ತಿದ್ರು ನೋಡ್ರಿ. ಎಲ್ಲಿಗ್ರಿ ಅಂದ್ರ ಊರ ಹೆಸರೇ ಹೇಳವಲ್ರು. ಹುಮನಾಬಾದ ಮುಂದಿನ ಊರು ಕೊಡ್ರಿ ಅಂದ್ರು."

ಹುಮನಾಬಾದ ದಾಟಿದರೆ ಹೆಂಡತಿಯ ತವರು ಬಸವಕಲ್ಯಾಣ ಎಂಬುದು ಕಲ್ಯಾಣಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಸಂಶಯ ಹೊಕ್ಕ ತಲೆಯಿಂದ ಗೊತ್ತಿದ್ದದ್ದು ಮೊದಲು ಹೊರಬೀಳುತ್ತದೆ. ಹೆಸರು ಹೇಳದೆ ಹೋಗುವ ಊರಿನಲ್ಲಿ ಪೀಟರ್ ಇರದೆ ಇನ್ನಾರು ಇರುತ್ತಾರೆ?

ಸಂಜೆ ಜಯಮಾಲಾ ತನಗೆ ಪಾಠ ಹೇಳುವ ಜರ್ಮನ್ ಮೇಡಂ ಜೊತೆ ವಿಡಿಯೋದಲ್ಲಿ ಮಾತಾಡುವವಳಿದ್ದಳು. ಗುರುಪಾದ, ರಾಜೇಸಾಬ ಇಬ್ಬರೂ ಕರೆಯದೆಯೇ ಸಾಕ್ಷಿಗೆ ಬಂದರು. ಮೂವರೂ ಹಿತ್ತಲ ಬಾಗಿಲಿನಿಂದ ನುಗ್ಗಿ ಅಡುಗೆಮನೆಯ ಜೋಳದ ಚೀಲಗಳ ಹಿಂದೆ ಕುಕ್ಕರಗಾಲಲ್ಲಿ ಕುಳಿತರು. ಆಚೆ ಕಲ್ಯಾಣಪ್ಪನ ತಾಯಿ ಗುರುಬಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಜಯಮಾಲಾ ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ಅದೇ ಮಾತಿನಿಂದ ಶುರುಮಾಡಿದಳು: "ಮೈನ್ ಮನ್ ಹೈಸ್ಟ್ ಪೀಟರ್." ಆಮೇಲೆ ಹೇಳಿದ್ದೆಲ್ಲ ಎರಡನೇ ಹಂತದ ಮಾತು, ಕಲ್ಯಾಣಪ್ಪನಿಗೆ ಒಂದಕ್ಷರ ಹತ್ತಲಿಲ್ಲ. ಹೇಳುವಾಗ ನಕ್ಕಳೆಂಬುದು ಮಾತ್ರ ಹತ್ತಿತು. ಪರದೆಯ ಮೇಡಂ ಕೂಡ ನಕ್ಕಳು.

ಅವನು ಎದ್ದ ರಭಸಕ್ಕೆ ಚೀಲ ಉರುಳಿ ಜೋಳವೆಲ್ಲ ನೆಲಕ್ಕೆ ಸುರಿಯಿತು.

"ಯಾರ ಬೇ ಅಂವ ಪೀಟರ್?"

ಜಯಮಾಲಾ ತಲೆಯ ಮೇಲೆ ಸೆರಗೆಳೆದುಕೊಂಡು ಹೆಬ್ಬೆರಳಿನಿಂದ ನೆಲ ಕೆರೆದಳು. "ನೀವೇರಿ," ಅಂದಳು.

ಮೊರ ನಿಂತಿತು. "ಗಂಡನ ಹೆಸರ ಬಾಯಿಲೆ ತಗೀತಾರೇನಲೇ? ಆಯುಷ್ಯ ಕಮ್ಮಿ ಆಗ್ತದ," ಅಂದಳು ಗುರುಬಾಯಿ. "ಆ ಮೇಡಂ ದಿನಾ ಗಂಡನ ಹೆಸರ ಹೇಳು ಅಂತಾಳಂತ. ವಿಡಿಯೋದಾಗಿಂದು ಯಾವ್ದರೆ ಹೆಸರ ಹೇಳಿಬಿಡವ್ವ ಅಂತ ನಾನೇ ಹೇಳೀನಿ. ಪಾಪ, ಬಸವಕಲ್ಯಾಣ ಅಂದ್ರ ಅದ್ರಾಗ ನಿನ್ನ ಹೆಸರ ಬರ್ತದಂತ ತವರೂರಿನ ಹೆಸರೂ ಅನ್ನಂಗಿಲ್ಲ ಆಕಿ."

ರಾಜೇಸಾಬ ಸೂರಿನ ತೊಲೆ ಎಣಿಸತೊಡಗಿದ.

"ಮತ್ತ ನಕ್ಕಿದ್ಯಾಕ?" ಕಲ್ಯಾಣಪ್ಪನ ದನಿ ಅರ್ಧಕ್ಕಿಳಿದಿತ್ತು.

"ನಮ್ಮ ಮನ್ಯಾಗಿನವ್ರಿಗಿ ಸಂಶಯ ಭಾಳ, ಆದ್ರ ಮನಸ ಬಂಗಾರ ಅಂತ ಹೇಳಾಕತ್ತಿದ್ದೆ."

ಅವನ ಎದೆ ಉಬ್ಬಿತು, ಹಂಚಿನ ಮೇಲಿನ ರೊಟ್ಟಿಯಂತೆ. ಅಷ್ಟರಲ್ಲಿ ಮೊಬೈಲಿನ ಮೇಡಂ ಅವನನ್ನು ಕಂಡು, "ಗುಟೆನ್ ಟಾಕ್, ಪೀಟರ್," ಎಂದು ಕೈ ಬೀಸಿದಳು. ಆಮೇಲೆ ಮಕ್ಕಳನ್ನು ಕೇಳುವಂತೆ ಬಿಡಿಸಿ ಬಿಡಿಸಿ ಕೇಳಿದಳು, "ವೀ ಹೈಸ್ಟ್ ಡೈನೆ ಫ್ರಾವ್?"

ಹೆಂಡತಿಯ ಹೆಸರು ಕೇಳುತ್ತಿದ್ದಾಳೆ. ಕಲ್ಯಾಣಪ್ಪನಿಗೆ ತಿಳಿಯಿತು. ಸಾಲೆ ಬಿಟ್ಟವನೆಂದು ನಕ್ಕವರೆಲ್ಲ ಈಗ ನೋಡಲಿ. ಗಂಟಲು ಸರಿಮಾಡಿಕೊಂಡು, "ಮೈನೆ ಫ್ರಾವ್ ಹೈಸ್ಟ್," ಎಂದು ಗಟ್ಟಿಯಾಗಿ ಶುರುಮಾಡಿದ. ಅಲ್ಲಿಗೆ ನಿಂತ.

ಎದುರಿಗೆ ತಾಯಿ ಕುಳಿತಿದ್ದಳು. ಮದುವೆಯಾದಾಗಿನಿಂದ ಅವನು ಹೆಂಡತಿಯನ್ನು "ಏ, ಕೇಳಿದೇನ" ಎಂದು ಕರೆದವನೇ ಹೊರತು ಹಿರಿಯರೆದುರು ಹೆಸರು ಹಿಡಿದವನಲ್ಲ. ಮೇಡಂ ಕಾಯುತ್ತಿದ್ದಳು. ಅರ್ಧ ಶಟರಿನ ಹಿಂದೆ ಕುಳಿತು ಜಪಿಸಿದ್ದ ಹೆಸರೇ ತಾನಾಗಿ ಜಾರಿ ಹೊರಬಿತ್ತು.

"ಜೂಲಿಯಾ."

ವಾಕ್ಯ ಸರಿಯಿದೆಯೆಂದು ಮೇಡಂ ಚಪ್ಪಾಳೆ ತಟ್ಟಿದಳು. ಜಯಮಾಲಾ ಮೊಬೈಲನ್ನು ಮೆಲ್ಲಗೆ ಬೋರಲು ಹಾಕಿದಳು.

"ಅತ್ತಿ, ಇವ್ರು ಅಂಗಡಿ ಶಟರ ಅರ್ಧ ಎಳದು ಯಾರ ಜೋಡಿ ಗುಸುಗುಸು ಮಾತಾಡ್ತಾರೋ ಅಂತ ನಾ ಅಂದಿದ್ನಲ್ರಿ," ಅಂದಳು. "ಕೇಳ್ರಿ ಈಗ, ಆಕಿ ಯಾರಂತ."

ಗುರುಬಾಯಿ ಮೊರ ಕೆಳಗಿಟ್ಟಳು. ಗುರುಪಾದ ಅದಾಗಲೇ ಚಪ್ಪಲಿ ಮೆಟ್ಟಿದ್ದ. ಚಹಾದಂಗಡಿಯಲ್ಲಿ ಸಂಜೆಯ ಗಿರಾಕಿಗಳು ಕಾಯುತ್ತಿದ್ದರು.