ನಾಲ್ಕು ಫ್ಯಾನು, ಒಂದು ಹೊಸ್ತಿಲು

ಎಲ್ಲಕ್ಕೂ ಕಾರಣ ಒಂದು ಹಿಡಿ ಅಕ್ಷತೆ. ನಾದಿನಿ ಚಂದನಳ ಧಾರೆಯ ದಿನ, ಸರಿಯಾಗಿ ಗಟ್ಟಿಮೇಳದ ಗಳಿಗೆಗೆ ಜಯಪ್ರಕಾಶನ ಫೋನು ಹೊಡೆದುಕೊಂಡಿತು. ಛತ್ರದವರೆಲ್ಲ ಅಕ್ಷತೆ ಎರಚಿದರು. ಇವನು ಅದನ್ನು ಜೇಬಿಗೆ ತುರುಕಿಕೊಂಡು ಬೈಕು ಹತ್ತಿದ. ಜೇಬಿನಲ್ಲಿ ಅಕ್ಕಿ ಕೈಗೆ ಸಿಕ್ಕಿದ್ದು ಮಳವಳ್ಳಿ ದಾಟಿ ಬೆಟ್ಟದ ಬುಡ ಮುಟ್ಟಿದ ಮೇಲೆ.

ಆ ಬೆಟ್ಟದ ಮೇಲೆ ಕರೆಂಟು ಮಾಡುವ ನಾಲ್ಕು ಗಾಳಿಯಂತ್ರಗಳಿವೆ. ಸುತ್ತಲಿನ ಜನ ಅವನ್ನು ಫ್ಯಾನು ಅನ್ನುತ್ತಾರೆ, ಅವನ್ನು ನೋಡಿಕೊಳ್ಳುವ ಜಯಪ್ರಕಾಶನನ್ನು ಫ್ಯಾನಪ್ಪ ಅನ್ನುತ್ತಾರೆ. ಲೈನಿನಲ್ಲಿ ಎಲ್ಲೋ ದೋಷವಾಗಿ ಒಂದು ಕ್ಷಣ ವೋಲ್ಟೇಜು ಕುಸಿದರೂ ಸಾಕು, ನಾಲ್ಕೂ ಬೆದರಿದ ಎತ್ತಿನ ಹಾಗೆ ಲೈನು ಕಳಚಿಕೊಂಡು ನಿಂತುಬಿಡುತ್ತಿದ್ದವು. ಆಮೇಲೆ ಇವನು ಓಡಿಹೋಗಿ ಒಂದೊಂದನ್ನೇ ಪರೀಕ್ಷಿಸಿ ಮತ್ತೆ ತಿರುಗಿಸಬೇಕು. ಮದುವೆಯಾಗಿ ಎರಡು ವರ್ಷವಾದರೂ ಹೆಂಡತಿಯ ಜೊತೆ ಕೂತು ಒಂದೇ ಒಂದು ಸಿನಿಮಾವನ್ನು ಅವನು ಪೂರ್ತಿ ನೋಡಿರಲಿಲ್ಲ.

ಧಾರೆಯ ದಿನ ಹೆಂಡತಿ ರೂಪಳ ತಾಳ್ಮೆ ಮುಗಿಯಿತು. ಕೊಪ್ಪದ ತವರಲ್ಲೇ ಉಳಿದುಬಿಟ್ಟಳು. ಕರೆಯಲು ಹೋದವನಿಗೆ ಒಂದು ಷರತ್ತು ಹಾಕಿದಳು.

"ತಿಂಡಿ ಒತ್ನಿಂದ ಸಂಜೆ ದೀಪ ಅಚ್ಚೋಗಂಟ ನಮ್ಮನೇಲಿ ಕುಂತ್ಕಂಡು ತೋರ್ಸಿ. ಫೋನ್ ಬಂತು ಅಂತ ಒಸ್ಲು ದಾಟ್ಬಾರ್ದು. ಅವತ್ತೇ ಬ್ಯಾಗ್ ತಕಂಡು ನಿಮ್ ಜೊತೆ ಬತ್ತೀನಿ."

ಇಪ್ಪತ್ತಮೂರು ದಿನ ಕಳೆಯಿತು. ಮಳವಳ್ಳಿಯ ಬಾಡಿಗೆ ಮನೆಯಲ್ಲಿ ಜಯಪ್ರಕಾಶ ಅಭ್ಯಾಸಬಲದಿಂದ ಎರಡು ಮುದ್ದೆ ಕಟ್ಟಿ, ಎರಡನೆಯದನ್ನು ಸುಮ್ಮನೆ ನೋಡುತ್ತಾ ಕೂರುತ್ತಿದ್ದ. ಅವಳ ನಗು ಹಾಗಿರಲಿ, ಬೈಗುಳಕ್ಕೂ ಅವನ ಜೀವ ಹಂಬಲಿಸುತ್ತಿತ್ತು. ಒಂದು ದಿನ ಬೇಕಂತಲೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಕಾದ. ಯಾರೂ ಬೈಯಲಿಲ್ಲ. ಮೂವತ್ತೆರಡು ವರ್ಷದ ಗಂಡಸು ಟವೆಲು ಹಿಡಿದುಕೊಂಡು ಅತ್ತ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಮೈಸೂರಿನ ಮೇನೇಜರು ಸಂಪತ್ ಕುಮಾರರು ಲ್ಯಾಪ್‌ಟಾಪು ಹಿಡಿದು ಬಂದು ನಾಲ್ಕು ಯಂತ್ರಗಳಿಗೂ ಹೊಸ ಸಾಫ್ಟ್‌ವೇರು ತುಂಬಿದರು. "ನಾಲ್ಕು ಜನ ಒರಳುಕಲ್ಲು ಹೊತ್ತಿರ್ತಾರೆ ಅಂತಿಟ್ಕೊಳ್ಳಿ. ಒಬ್ಬ ಎಡವಿದ ಅಂತ ಉಳಿದೋರೂ ಕೈ ಬಿಟ್ರೆ ಎಲ್ಲರ ಕಾಲೂ ಹೋಯ್ತು. ಒಂದು ಗಳಿಗೆ ಬಿಗಿಯಾಗಿ ಹಿಡ್ಕೊಂಡ್ರೆ ಎಡವಿದೋನೂ ಸುಧಾರಿಸ್ಕೋತಾನೆ. ಇನ್ಮೇಲೆ ವೋಲ್ಟೇಜು ಕುಸಿದ್ರೆ ಇವು ಕೈ ಬಿಡಲ್ಲ, ಹಿಡ್ಕೊಂಡು ನಿಲ್ತವೆ," ಎಂದರು. ಜಯಪ್ರಕಾಶ ಅವರ ಕಾಲಿಗೆ ಬೀಳುವುದೊಂದು ಬಾಕಿ.

ಬಂದ ಭಾನುವಾರವೇ ಅವನು ಕೊಪ್ಪದಲ್ಲಿ ಹಾಜರಾದ. ಮಾವ ಸಿದ್ದರಾಜು ಅಳಿಯನ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಟಿವಿ ಪಕ್ಕ ಇಟ್ಟರು. ಪಕ್ಕದ ಮನೆಯ ಪಟ್ಟಲಮ್ಮ ಒಂದು ಮೊರ ಅವರೆಕಾಯಿ ತಂದು ಹೊಸ್ತಿಲ ಪಕ್ಕದಲ್ಲೇ ಸುಲಿಯಲು ಕೂತಳು.

"ನಾ ಕಾವ್ಲಿಗೆ ಕುಂತಿವ್ನಿ ಕಣವ್ವ ರೂಪ. ಇವ್ನು ಅದೆಂಗ್ ದಾಟಾನು ನೋಡೇಬುಡ್ತೀನಿ!"

ತಿಂಡಿಯಾಯಿತು, ಊಟವಾಯಿತು, ಫೋನು ಉಸಿರೆತ್ತಲಿಲ್ಲ. ರೂಪ ಮಾತಾಡದಿದ್ದರೂ ಸಾರು ಬಡಿಸುವಾಗ ಎರಡು ಕಾಳು ಹೆಚ್ಚಾಗಿಯೇ ಹಾಕಿದಳು. ಅಷ್ಟಕ್ಕೇ ಇವನ ಎದೆ ತುಂಬಿ ಬಂತು.

ಮಧ್ಯಾಹ್ನ ಮೂರರ ಹೊತ್ತಿಗೆ ಜಯಪ್ರಕಾಶ ಕಿಟಕಿಯಾಚೆ ನೋಡಿ ಬೆವೆತ. ಎದುರಿನ ಗದ್ದೆಯಲ್ಲಿ ಸ್ವಾಮಿ ಎಂಬ ಪುಣ್ಯಾತ್ಮ ಕಬ್ಬು ಕಡಿಸಿ, ಉಳಿದ ತರಗಿಗೆ ಬೆಂಕಿ ಇಟ್ಟಿದ್ದ. ಅದರ ನೆತ್ತಿಯ ಮೇಲೇ ಬೆಟ್ಟದ ಫ್ಯಾನುಗಳೂ ಕೂಡಿಕೊಂಡಿದ್ದ ದೊಡ್ಡ ಟವರ್ ಲೈನು.

"ಮಾವ, ಆ ಬೆಂಕಿ ಮೇಲಕ್ಕೆದ್ರೆ ಲೈನ್ ಢಂ ಅಂದು ವೋಲ್ಟೇಜ್ ಕುಸೀತದೆ! ಒಸಿ ಆರ್ಸೋಕ್ ಯೋಳಿ!"

"ಅವ್ನಿಗೂ ನಂಗೂ ಮಾತಿಲ್ಲ ಕಣಪ್ಪ, ಬದುವಿನ್ ಜಗ್ಳ," ಎಂದು ಮಾವ ಟಿವಿಯತ್ತ ತಿರುಗಿದರು.

ಜಯಪ್ರಕಾಶ ಬಾಗಿಲಿಗೆ ಬಂದ. ರೂಪ ಅಡುಗೆಮನೆಯಿಂದ ಕತ್ತು ಹೊರಗೆ ಹಾಕಿದಳು. ಅವನು ಹೊಸ್ತಿಲ ಒಳಗೇ ನಿಂತು, ಗದ್ದೆಗೆ ಹೋಗಿ ಬೆಂಕಿ ಆರಿಸಲು ಹೇಳುವಂತೆ ಪಟ್ಟಲಮ್ಮನಿಗೆ ಕೈ ಮುಗಿದ. ಮುದುಕಿಗೂ ಕೂತು ಕೂತು ಬೇಸರವಾಗಿತ್ತು. ಮೊರ ಪಕ್ಕಕ್ಕಿಟ್ಟು ಎದ್ದಳು. ಆದರೆ ಪಟ್ಟಲಮ್ಮ ನೆಟ್ಟಗೆ ಗದ್ದೆಗೆ ಹೋಗುವ ಜೀವವಲ್ಲ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ, "ಸಿದ್ದರಾಜು ಅಳೀಮಯ್ಯ ಎಡ್ತಿಗೋಸ್ಕರ ಒಸ್ಲು ಇಡ್ಕಂಡು ಗೋಗರೀತಾ ನಿಂತವ್ನೆ, ಓಗಿ ನೋಡಿ," ಎಂದು ಸಾರುತ್ತಾ ಹೋದಳು. ಹತ್ತು ನಿಮಿಷದಲ್ಲಿ ಅರ್ಧ ಕೇರಿ ಅಂಗಳದಲ್ಲಿತ್ತು. ಎಲ್ಲರಿಗಿಂತ ಮುಂದೆ ಸ್ವಾಮಿ.

"ಸ್ವಾಮಣ್ಣ, ಬೆಂಕಿ?" ಜಯಪ್ರಕಾಶ ಗದ್ದೆಯತ್ತ ಬೆರಳು ತೋರಿಸಿದ.

"ಅದು ಉರ್ಕತದೆ ಬುಡಪ್ಪ. ನಿಂದೇನ್ ಕತೆ ಯೋಳು."

ಅವನು ಹೇಳುವ ಮೊದಲೇ ಗದ್ದೆ ಕಡೆಯಿಂದ ಢಂ ಎಂದು ಸದ್ದಾಯಿತು. ಟ್ಯೂಬ್‌ಲೈಟು ಡಿಮ್ಮಾಯಿತು, ಟಿವಿ ಕಪ್ಪಾಯಿತು. ಜಯಪ್ರಕಾಶನ ಬಲಗಾಲು ತಾನಾಗಿಯೇ ಎದ್ದು ಹೊಸ್ತಿಲ ಮೇಲೆ ನೇತಾಡಿತು. ಕೇರಿಯವರೆಲ್ಲ ಉಸಿರು ಬಿಗಿಹಿಡಿದು ಆ ಕಾಲನ್ನೇ ನೋಡಿದರು. ಅವನು ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ರೂಪಳ ಮುಖ ನೋಡಿದ. ಅವಳ ಕಣ್ಣಲ್ಲಿದ್ದದ್ದು ಸಿಟ್ಟಲ್ಲ, ಹೋಗಬೇಡಿ ಅನ್ನುವ ಆಸೆ. ಕಾಲು ಒಳಗೇ ಇಳಿಯಿತು.

ಲೈಟು ಬಂತು. ಫೋನು ಬಡಿದುಕೊಳ್ಳಲಿಲ್ಲ. ಟಿವಿ ಪಕ್ಕದಿಂದ ಅದನ್ನು ತೆಗೆದು ನೋಡಿದರೆ ನಾಲ್ಕು ಫ್ಯಾನಿಗೂ ಹಸಿರು ಚುಕ್ಕೆ, ಎಲ್ಲವೂ ತಿರುಗುತ್ತಿದ್ದವು.

"ನಿಂತವೆ ಕಣೆ ರೂಪ! ನಾಲ್ಕೂ ಕೈ ಬಿಡ್ದೆ ನಿಂತವೆ!"

ಸ್ವಾಮಿ ಶಿಳ್ಳೆ ಹೊಡೆದ. ಅತ್ತೆ ಯಶೋದಮ್ಮ ಪಾಯಸಕ್ಕೆ ಇಟ್ಟರು. ಹೊತ್ತು ಮುಳುಗಿತು, ರೂಪ ತಾನೇ ದೇವರ ಮುಂದೆ ದೀಪ ಹಚ್ಚಿದಳು. ಬ್ಯಾಗು ಮೊದಲೇ ತುಂಬಿಟ್ಟಿದ್ದಳು ಅನ್ನುವುದು ಅವಳು ಅದನ್ನು ತಂದ ಅವಸರದಲ್ಲೇ ಗೊತ್ತಾಗುತ್ತಿತ್ತು. "ನಂಗೂ ಸಾಕಾಗಿತ್ತು ಕಣ್ರೀ, ನಿಮ್ಮನ್ನ ಬುಟ್ಟು," ಎಂದು ಅವನಿಗೆ ಮಾತ್ರ ಕೇಳುವ ಹಾಗೆ ಅಂದಳು. ಜಯಪ್ರಕಾಶನಿಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ.

ಆಗ ಫೋನು ಬಂತು. ಸಂಪತ್ ಕುಮಾರರು. ದೀಪ ಹಚ್ಚಿಯಾಗಿತ್ತಲ್ಲ, ಧೈರ್ಯವಾಗಿ ಸ್ಪೀಕರಿನಲ್ಲೇ ಹಾಕಿದ.

"ಶಭಾಷ್ ಕಣ್ರೀ ಜಯಪ್ರಕಾಶ್! ಎಷ್ಟು ದೊಡ್ಡ ಏಟು ಬಿತ್ತು, ಒಂದೂ ಅಲ್ಲಾಡ್ಲಿಲ್ಲ! ಇನ್ನು ಆ ಬೆಟ್ಟಕ್ಕೆ ಆಳೇ ಬೇಡ, ಇಲ್ಲಿಂದಲೇ ನೋಡ್ಕೋತೀವಿ. ಗದಗದ ಕಡೆ ನಮ್ಮ ಹಳೇ ಯಂತ್ರಗಳಿವೆ, ದಿನಾ ಬೀಳ್ತವೆ. ಅವನ್ನೂ ನೀವೇ ಸರಿ ಮಾಡ್ಬೇಕು. ನಾಡಿದ್ದು ಬೆಳಗ್ಗೆ ಅಲ್ಲಿರಿ."

"ಎಷ್ಟಿವೆ ಸಾರ್?"

"ನೂರಾ ನಲವತ್ತು."

ರೂಪ ಬ್ಯಾಗಿನ ಹಿಡಿಯನ್ನು ಬಿಡಲಿಲ್ಲ, ಮುಂದಕ್ಕೂ ಬರಲಿಲ್ಲ.

"ನಾಲ್ಕಕ್ಕೆ ನಿಲ್ಲೋದ್ ಕಲ್ಸೋಕೆ ಎರಡ್ ವರ್ಸ ಇಡೀತು. ನೂರಾ ನಲವತ್ತಕ್ಕೆ ಎಷ್ಟಾಯ್ತದ್ರೀ?"

ಪಟ್ಟಲಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಎಪ್ಪತ್ ವರ್ಸ ಕಣವ್ವ."

ರೂಪ ಕಣ್ಣೊರೆಸಿಕೊಂಡು ಬ್ಯಾಗು ಎತ್ತಿಕೊಂಡು ಒಳಕೋಣೆಗೆ ಹೋದಳು.